ಹೆಸರಿಲ್ಲದ ಅಡಕೊತ್ತುಗಳು

ಸಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟಿಗರ ಮನೆಗಳಿಗೆ ಹೋಗಿ ಬಂದವರಿಗೆ ಅಲ್ಲಿಯ ಉಪಚಾರದ ಕ್ರಮ ಗೊತ್ತು. ಕೈಕಾಲು ತೊಳೆಯಲು ನೀರು, ಆಮೇಲೆ ಆಸರಿಗೆ, ಅದು ಮುಗಿಯುತ್ತಲೇ ಕವಳದ ಹರಿವಾಣ. ಎಲೆ, ಅಡಕೆ, ಸುಣ್ಣದ ಡಬ್ಬಿ ಇವುಗಳ ನಡುವೆ ಒಂದು ಅಡಕೊತ್ತು ಇದ್ದೇ ಇರುತ್ತಿತ್ತು. ಮಾತು ನಡೆಯುತ್ತಿದ್ದಂತೆ ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಮದುವೆಯ ಮಾತುಕತೆ, ಪಾಲುಪಟ್ಟಿ, ತೋಟದ ಕ್ರಯ ಎಲ್ಲವೂ ಅದರ 'ಕಟ್ ಕಟ್' ಶಬ್ದದ ನಡುವೆಯೇ ತೀರ್ಮಾನವಾಗುತ್ತಿದ್ದವು. ಇಂದಿಗೂ ಹರಿವಾಣ ಬರುತ್ತದೆ. ಆದರೆ ಅನೇಕ ಮನೆಗಳಲ್ಲಿ ಅದರೊಳಗೆ ಅಡಕೊತ್ತು ಇಲ್ಲ. ಹೆಚ್ಚಿ ಸಿದ್ಧಪಡಿಸಿದ ಅಡಕೆ ಅಂಗಡಿಯಿಂದ ಬರುತ್ತದೆ. ಅಡಕೊತ್ತು ಅಟ್ಟವನ್ನು ಸೇರಿದೆ, ಇಲ್ಲವೆ ಗುಜರಿಯ ಚೀಲವನ್ನು ಸೇರಿದೆ.

ಇಷ್ಟು ಚಿಕ್ಕ ವಸ್ತುವಿಗೂ ಒಂದು ಇತಿಹಾಸವುಂಟೇ ಎಂದು ವಾಚಕರು ಕೇಳಬಹುದು. ಉಂಟು. ಮೊದಲು ಅದರ ಹೆಸರನ್ನೇ ನೋಡೋಣ. ಅಡಕೆ ಎಂಬುದರ ಮುಂದೆ ಒತ್ತು ಎಂಬುದು ಬಂದು, ಸಂಧಿಯಲ್ಲಿ ಎಕಾರ ಲೋಪವಾಗಿ ಅಡಕೊತ್ತು ಆಯಿತು. ಅಡಕೆ ಕತ್ತರಿ ಎಂಬುದು ಬಾಯಲ್ಲಿ ಸವೆದು ಅಡಕತ್ತರಿ ಆಯಿತು. ಎರಡು ಕಡೆಯಿಂದಲೂ ಇಕ್ಕಟ್ಟಿಗೆ ಒಳಗಾದವನನ್ನು ಅಡಕತ್ತರಿಯಲ್ಲಿ ಸಿಕ್ಕಿಕೊಂಡವನೆಂದು ನಾವೆಲ್ಲ ಹೇಳುತ್ತೇವೆ. ಆ ಉಪಕರಣವನ್ನು ಕಣ್ಣಾರೆ ಕಾಣದವರೂ ಹೇಳುತ್ತಾರೆ. ಮರಾಠಿಯಲ್ಲಿ ಅಡಕೆಯ ಹೆಸರು ಸುಪಾರಿ. ಆದರೆ ಅದನ್ನು ಕತ್ತರಿಸುವ ಉಪಕರಣದ ಹೆಸರು ಮಾತ್ರ ಅಡಕಿತ್ತಾ. ಕಾಯಿಗೆ ಒಂದು ಹೆಸರು, ಅದನ್ನು ಕತ್ತರಿಸುವುದಕ್ಕೆ ನಮ್ಮ ಅಡಕೆಯನ್ನು ಒಳಗಿಟ್ಟುಕೊಂಡ ಹೆಸರು ಎಂದರೆ, ಮಾತು ದಕ್ಷಿಣದಿಂದ ಉತ್ತರಕ್ಕೆ ನಡೆದ ದಾರಿ ಕಾಣುವುದಿಲ್ಲವೇ? ಹಿಂದಿಯವರು ಸರೋತಾ ಎನ್ನುತ್ತಾರೆ, ಗುಜರಾತಿಗಳು ಸೂಡಿ ಎನ್ನುತ್ತಾರೆ, ತಮಿಳರು ಪಾಕ್ಕುವೆಟ್ಟಿ ಎನ್ನುತ್ತಾರೆ, ಮಲಯ ದೇಶದವರು ಕಾಚಿಪ್ ಎನ್ನುತ್ತಾರೆ. ತಾಂಬೂಲ ಹೋದಲ್ಲೆಲ್ಲ ಈ ಉಪಕರಣವೂ ಹೋಗಿದೆ.

ಇದರ ರಚನೆ ಸರಳ. ಎರಡು ತೋಳುಗಳು ಒಂದು ತುದಿಯಲ್ಲಿ ಕೀಲಿನಿಂದ ಸೇರಿವೆ. ಮೇಲಿನ ತೋಳಿಗೆ ಅಲಗು ಉಂಟು. ಕೆಳಗಿನದು ಬರಿಯ ಆಸರೆ. ಅಡಕೆಯನ್ನು ಕೀಲಿನ ಹತ್ತಿರ ಇಟ್ಟು, ದೂರದ ತುದಿಯಲ್ಲಿ ಅಂಗೈಯಿಂದ ಒತ್ತಿದರೆ ಸಣ್ಣ ಬಲವೂ ದೊಡ್ಡದಾಗಿ ಕಲ್ಲಿನಂತಹ ಅಡಕೆ ಸೀಳುತ್ತದೆ. ಶಾಲೆಯಲ್ಲಿ ಸನ್ನೆಯ ಪಾಠ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಹಳೆಯ ಕಮ್ಮಾರರು ಮೈಯನ್ನು ಮೆದು ಕಬ್ಬಿಣದಲ್ಲಿ ಮಾಡಿ, ಅಲಗಿನ ಅಂಚಿಗೆ ಮಾತ್ರ ಉಕ್ಕಿನ ತುಂಡನ್ನು ಕುಲುಮೆಯಲ್ಲಿ ಬೆಸೆದು ಹದ ಕೊಡುತ್ತಿದ್ದರು. ಉಕ್ಕು ದುಬಾರಿ, ಎಲ್ಲೆಲ್ಲಿ ಬೇಕೋ ಅಲ್ಲಿಗಷ್ಟೇ ಬಳಕೆ. ಆ ಬೆಸುಗೆಯ ಗೆರೆ ಹಳೆಯ ಅಲಗುಗಳಲ್ಲಿ ಬಿಸಿಲಿಗೆ ಹಿಡಿದರೆ ಕಾಣುತ್ತದೆ.

ಇನ್ನು ಈ ಸೀಮೆಗೂ ಅಡಕೆಗೂ ಇರುವ ನಂಟು. ಸಿರಸಿ ತಾಲ್ಲೂಕಿನ ಬನವಾಸಿ ಕದಂಬರ ರಾಜಧಾನಿಯಾಗಿತ್ತೆಂಬುದು ಸರ್ವವಿದಿತ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ತಾಂಬೂಲವು ರಾಜಭೋಗಗಳಲ್ಲಿ ಒಂದಾಗಿ ವರ್ಣಿತವಾಗಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕನು ಅರಸನಿಂದ ತಾಂಬೂಲ ಪಡೆದು, ಅದನ್ನು ಹಾಕಿಕೊಳ್ಳುವ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಅನಂತರ ಸೋದೆಯ ಅರಸರು ಈ ಘಟ್ಟದ ಮೇಲಿನ ನಾಡನ್ನು ಆಳಿದರು, 18ನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಹೈದರಾಲಿಯ ವಶವಾಯಿತು, 1799ರಲ್ಲಿ ಇಂಗ್ಲಿಷರದಾಯಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಯಲ್ಲಾಪುರ, ಸೋದೆ, ಸಿರಸಿ, ಬನವಾಸಿಗಳ ಮಾರ್ಗವಾಗಿ ಸಂಚರಿಸಿ, ಅಡಕೆ, ಮೆಣಸು, ಏಲಕ್ಕಿ, ವೀಳ್ಯದೆಲೆ ಒಟ್ಟಾಗಿ ಬೆಳೆಯುವ ಇಲ್ಲಿಯ ತೋಟಗಳ ವಿಷಯವನ್ನು ಬರೆದುಕೊಂಡನು. ಅವನ ಪ್ರವಾಸಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1923ರಲ್ಲಿ ತೋಟಿಗರು ಕೂಡಿ ಸಿರಸಿಯಲ್ಲಿ ತಮ್ಮದೇ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರು. 2019ರಲ್ಲಿ ಸಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳ ಅಡಕೆಗೆ 'ಸಿರಸಿ ಸುಪಾರಿ' ಎಂಬ ಹೆಸರಿನಲ್ಲಿ ಭೌಗೋಳಿಕ ಮಾನ್ಯತೆ ದೊರೆಯಿತು. ಹೀಗೆ ಅಡಕೆಗೆ ದಾಖಲೆಯುಂಟು. ಅದನ್ನು ಕತ್ತರಿಸಿದ ಉಪಕರಣಕ್ಕೆ ಮಾತ್ರ ದಾಖಲೆಯಿಲ್ಲ.

ದಾಖಲೆ ಇಲ್ಲದಿದ್ದರೂ ಇದನ್ನು ಪ್ರೀತಿಯಿಂದ ಕೂಡಿಟ್ಟವರು ಇದ್ದಾರೆ. ಪುಣೆಯ ದಿನಕರ ಗಂಗಾಧರ ಕೇಳಕರರು (1896–1990) ದೀಪ, ಬಾಗಿಲು, ಪಾತ್ರೆ, ವಾದ್ಯಗಳ ಜೊತೆಗೆ ನೂರಾರು ಅಡಕೊತ್ತುಗಳನ್ನೂ ಸಂಗ್ರಹಿಸಿದರು. ನವಿಲು, ಗಿಳಿ, ಕುದುರೆಗಳ ಆಕಾರದ ಹಿತ್ತಾಳೆಯ ಅಡಕೊತ್ತುಗಳು ಅಲ್ಲಿವೆ. ಅಕಾಲದಲ್ಲಿ ತೀರಿಹೋದ ತಮ್ಮ ಮಗ ರಾಜನ ಹೆಸರನ್ನು ಆ ವಸ್ತುಸಂಗ್ರಹಾಲಯಕ್ಕೆ ಇಟ್ಟು, 1975ರಲ್ಲಿ ಅದನ್ನು ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಕೇಳಕರರು ಕವಿಗಳೂ ಆಗಿದ್ದರು. ಅವರ ಕಾವ್ಯನಾಮ 'ಅಜ್ಞಾತವಾಸಿ'. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಎಂಬವರು (1913–1998) ಭಾರತದ ಮತ್ತು ಅದರ ಪೂರ್ವದ ದೇಶಗಳ ಅಡಕೊತ್ತುಗಳನ್ನು ಕೂಡಿಸಿದರು. ಅವರ ಸಂಗ್ರಹದ ಮೇಲೆ ಒಂದು ಸಚಿತ್ರ ಗ್ರಂಥವೇ ಬಂದಿದೆ. ಕವಳ ಹಾಕದ ದೇಶದ ಪಂಡಿತನಿಗೆ ಕಂಡ ಸೊಗಸು, ದಿನವೂ ಅದನ್ನು ಹಿಡಿದ ನಮಗೆ ಕಾಣದೆ ಹೋಯಿತಲ್ಲ!

ಅದೇ ಅಮೆರಿಕದಲ್ಲಿ ಹಳೆಯ ಮಡಿಸುವ ಚೂರಿಗಳನ್ನು ಸಂಗ್ರಹಿಸುವವರು ಅಸಂಖ್ಯ. ಅವರ ವಿದ್ಯೆ ಒಂದು ಚಿಕ್ಕ ಜಾಗದ ಮೇಲೆ ನಿಂತಿದೆ. ಅಲಗು ಹಿಡಿಯನ್ನು ಸೇರುವ ಬುಡದಲ್ಲಿ ತಯಾರಕನು ತನ್ನ ಹೆಸರನ್ನೂ ಊರನ್ನೂ ಮುದ್ರೆ ಒತ್ತಿರುತ್ತಾನೆ. ಮ್ಯಾಸಚೂಸೆಟ್ಸಿನ ಗ್ರೀನ್‌ಫೀಲ್ಡಿನಲ್ಲಿ ಜಾನ್ ರಸಲ್ ಎಂಬವನು 1834ರಲ್ಲಿ ಚೂರಿಯ ಉದ್ಯಮಕ್ಕೆ ಕೈಹಾಕಿದನು. ಕನೆಕ್ಟಿಕಟ್ಟಿನ ಲೇಕ್‌ವಿಲ್ಲಿನಲ್ಲಿ ಹಾಲಿ ಎಂಬವರ ಕಾರಖಾನೆ 1844ರಿಂದ ಜೇಬಿನ ಚೂರಿಗಳನ್ನು ಮಾಡಿತು. ಅಲ್ಲಿಯವರೆಗೆ ಮಾರುಕಟ್ಟೆಯೆಲ್ಲ ಇಂಗ್ಲೆಂಡಿನ ಶೆಫೀಲ್ಡಿನದು. ಆ ಹೊಸ ಕಾರಖಾನೆಗಳಿಗೆ ಕೆಲಸ ಕಲಿಸಿದವರಲ್ಲಿಯೂ ಶೆಫೀಲ್ಡಿನಿಂದ ವಲಸೆ ಬಂದ ಕುಶಲಿಗಳು ಅನೇಕರು. 1890ರ ಅಮೆರಿಕದ ಸುಂಕದ ಕಾಯಿದೆಯು ಹೊರಗಿನಿಂದ ಬಂದ ಸರಕಿನ ಮೇಲೆ ಅದು ಹುಟ್ಟಿದ ದೇಶದ ಹೆಸರು ಇರಬೇಕೆಂದು ವಿಧಿಸಿತು. ಆದುದರಿಂದ ಅಲ್ಲಿ ಸಿಕ್ಕಿದ ಚೂರಿಯ ಮೇಲೆ ಇಂಗ್ಲೆಂಡ್ ಅಥವಾ ಜರ್ಮನಿ ಎಂದು ಕೊರೆದಿದ್ದರೆ ಅದು ಬಹುಮಟ್ಟಿಗೆ ಆಮೇಲಿನದೆಂದು ಸಂಗ್ರಾಹಕನು ಊಹಿಸಬಲ್ಲನು. ಮುದ್ರೆಯ ಅಕ್ಷರ ಬದಲಾದರೆ ಕಾಲ ಬದಲಾಯಿತು. ಊರು ಬದಲಾದರೆ ಕಾರಖಾನೆ ಬದಲಾಯಿತು. ಚೂರಿಯೇ ತನ್ನ ಶಾಸನವನ್ನು ಹೊತ್ತುಕೊಂಡಿರುತ್ತದೆ.

ನಮ್ಮ ಅಡಕೊತ್ತಿನ ಮೇಲೆ ಅಂತಹ ಶಾಸನವಿಲ್ಲ. ಏಕೆ? ದೂರದ, ಮುಖ ಕಾಣದ ಗಿರಾಕಿಗೆ ಸರಕು ಕಳಿಸುವವನಿಗೆ ಹೆಸರು ಬೇಕು. ನಮ್ಮ ಕಮ್ಮಾರನ ಕುಲುಮೆ ಊರ ಅಂಚಿನಲ್ಲಿಯೇ ಇತ್ತು. ಕೊನೆಗೌಡನ ಕೊನೆಗತ್ತಿ, ಅಡಕೆ ಸುಲಿಯುವ ಮೆಟ್ಟುಗತ್ತಿ, ಸೊಪ್ಪು ಕಡಿಯುವ ಕತ್ತಿ, ಹರಿವಾಣದ ಅಡಕೊತ್ತು ಎಲ್ಲವೂ ಅವನ ಕೈಯಿಂದಲೇ ಬರುತ್ತಿದ್ದವು. ಮೊಂಡಾದಾಗ ಅವನಲ್ಲಿಗೇ ಹೋಗುತ್ತಿದ್ದವು. ಮಾಡಿದವನು ಯಾರೆಂದು ಎಲ್ಲರಿಗೂ ಗೊತ್ತಿದ್ದಾಗ ಅದನ್ನು ಕೊರೆಯುವುದೇಕೆ? ಎಲ್ಲರಿಗೂ ಗೊತ್ತಿದ್ದುದೇ ಕಡೆಗೆ ಯಾರಿಗೂ ಗೊತ್ತಿಲ್ಲದಂತಾಯಿತು.

ಹಾಗೆಂದು ಅಡಕೊತ್ತು ಪೂರ್ಣ ಮೂಕವೇನೂ ಅಲ್ಲ. ಕೀಲನ್ನು ನೋಡಿ: ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿದ ಮೊಳೆಯಾಗಿದ್ದರೆ ಕೈಕೆಲಸ, ಯಂತ್ರದ ತಿರುಪಾಗಿದ್ದರೆ ಹೊಸದು, ಇಲ್ಲವೆ ರಿಪೇರಿ. ಅಲಗಿನ ಅಗಲ ನೋಡಿ: ಮಸೆದು ಮಸೆದು ಸವೆದಿದ್ದರೆ ಅದು ದುಡಿದ ಅಡಕೊತ್ತು. ಹಿಡಿಯ ಒಳಮೈ ನೋಡಿ: ಬೆರಳುಗಳು ಕೂತ ಕಡೆಯಲ್ಲಿ ಮಾತ್ರ ನುಣುಪಾಗಿದ್ದರೆ ಅದು ಬಹುಕಾಲದ ಬಳಕೆಯ ಗುರುತು, ಎಲ್ಲೆಡೆಯೂ ಒಂದೇ ಬಗೆಯಾಗಿ ಕಪ್ಪಾಗಿದ್ದರೆ ಹಳೆಯದರಂತೆ ತೋರಲು ಯಾರೋ ಔಷಧ ಹಚ್ಚಿರಬಹುದು. 'ಇದು ಸೋದೆ ಅರಸರ ಕಾಲದ್ದು' ಎಂದು ಹೇಳಿ ಮಾರುವವರು ಉಂಟು. ಸಂಗ್ರಹಗಳಲ್ಲಿ ಇಂದು ಉಳಿದಿರುವ ಬಹುಪಾಲು ಅಡಕೊತ್ತುಗಳು 18 ಮತ್ತು 19ನೆಯ ಶತಮಾನದವು, ಇಲ್ಲವೆ ಇನ್ನೂ ಈಚಿನವು. ಅರಸರ ಹೆಸರಿಗಿಂತ ಸವೆದ ಹಿಡಿಯೇ ಹೆಚ್ಚು ನಂಬತಕ್ಕ ಸಾಕ್ಷಿ.

ಆದರೆ ಈ ಗುರುತುಗಳು ಕಾಲವನ್ನು ಹೇಳಬಲ್ಲವು, ಬಳಕೆಯನ್ನು ಹೇಳಬಲ್ಲವು, ಮನುಷ್ಯರನ್ನು ಹೇಳಲಾರವು. ಅದನ್ನು ಹೇಳಬಲ್ಲುದು ಮನೆಯವರ ಬಾಯಿ ಒಂದೇ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಸಿದ್ದಾಪುರದ ಕಡೆ ನನ್ನ ಸೋದರತ್ತೆಯ ಮನೆಯಲ್ಲಿ ಎರಡು ಅಡಕೊತ್ತುಗಳಿದ್ದವು. ಒಂದು ಹಿತ್ತಾಳೆಯ ನವಿಲು, ಜಾತ್ರೆಯಲ್ಲಿ ಕೊಂಡದ್ದು. ಇನ್ನೊಂದು ಬರಿಯ ಕಬ್ಬಿಣದ್ದು, ಕೆಳಗಿನ ತೋಳು ಸ್ವಲ್ಪ ಸೊಟ್ಟ. ಅತ್ತೆ ಕಬ್ಬಿಣದ್ದನ್ನೇ ಹಿಡಿಯುವರು. ಒಮ್ಮೆ ನಾನು ನವಿಲನ್ನು ಎತ್ತಿಕೊಂಡಾಗ, “ತಮಾ, ಅದು ನೋಡಲಿಕ್ಕೆ. ಹೆಚ್ಚುವುದು ಇದು. ಎರಡು ಸಲ ಕುಲುಮೆಗೆ ಹೋಗಿ ಬಂದಿದೆ, ಅದಕ್ಕೊಂದು ದೊಡ್ಡ ಕಥೆಯಿದೆ” ಎಂದರು. ನಾನು ನಕ್ಕು ಕವಳ ಹಾಕಿಕೊಂಡೆ, ಕಥೆಯನ್ನು ಕೇಳಲಿಲ್ಲ. ಮುಂದೆ ಅತ್ತೆ ತೀರಿಕೊಂಡರು. ಹಳೆಯ ಮನೆ ತೆಗೆದು ಹೊಸದು ಕಟ್ಟಿದರು. ಗೃಹಪ್ರವೇಶಕ್ಕೆ ಹೋದಾಗ ನವಿಲು ಗಾಜಿನ ಕಪಾಟಿನಲ್ಲಿ ಹೊಳೆಯುತ್ತಿತ್ತು. ಇನ್ನೊಂದು ಎಲ್ಲಿ ಎಂದು ಅವರ ಮಗನನ್ನು ಕೇಳಿದೆ. “ತುಕ್ಕು ಹಿಡಿದಿತ್ತು ಭಾವ, ಹಳೆ ಕಬ್ಬಿಣದ ಸಂಗಡ ತೂಕಕ್ಕೆ ಹಾಕಿದೆ” ಎಂದನು. ಅವನ ಮೇಲೆ ದೋಷ ಹೊರಿಸುವ ಅಧಿಕಾರ ನನಗಿಲ್ಲ. ಅಡಕೊತ್ತು ಎಂಬ ಪದದ ಸಂಧಿಯನ್ನು ಇಪ್ಪತ್ತು ವರ್ಷ ಮಕ್ಕಳಿಗೆ ಬಿಡಿಸಿ ಹೇಳಿದವನು ನಾನು. ಆ ಅಡಕೊತ್ತನ್ನು ಮಾಡಿದವನು ಯಾರೆಂದು ಒಂದು ದಿನವೂ ಕೇಳದವನೂ ನಾನೇ.

ಹೀಗೆ ಹೋದವು ಇನ್ನೆಷ್ಟೋ. 1930ರಿಂದ ಮುಂದಿನ ಕರನಿರಾಕರಣೆಯ ವರ್ಷಗಳಲ್ಲಿ ಸಿದ್ದಾಪುರ ಸೀಮೆಯ ಮನೆಗಳ ಚರಾಸ್ತಿ ಜಪ್ತಿಯಾಗಿ, ಅನೇಕ ಮನೆಗಳ ಹಳೆಯ ಸಾಮಾನುಗಳು ಚದುರಿಹೋದವು. ಅದು ದೇಶಕ್ಕಾಗಿ ಮಾಡಿದ ತ್ಯಾಗ. ಈಗಿನದು ಬೇರೆ. ಸುಲಿಯುವ ಯಂತ್ರ ಬಂದು ಮೆಟ್ಟುಗತ್ತಿ ಮೂಲೆ ಸೇರಿತು. ಅಡಕೆಯು ಕ್ಯಾನ್ಸರಿಗೆ ಕಾರಣವಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಕವಳ ಬಿಟ್ಟವರನ್ನು ನಾನು ಮೆಚ್ಚುತ್ತೇನೆ. ಬಿಡಿರೆಂದು ಮಕ್ಕಳಿಗೂ ಹೇಳುತ್ತೇನೆ. ಆದರೆ ಕವಳ ಬಿಟ್ಟ ಮಾತ್ರಕ್ಕೆ ಅಡಕೊತ್ತನ್ನು ಬಿಸಾಡಬೇಕಾಗಿಲ್ಲ. ಯುದ್ಧ ನಿಲ್ಲಿಸಿದವರೂ ಖಡ್ಗವನ್ನು ಉಳಿಸಿಕೊಂಡಿಲ್ಲವೇ?

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹ ಇಷ್ಟೇ. ನಿಮ್ಮ ಅಟ್ಟದಲ್ಲಿ, ಕವಳದ ಸಂಚಿಯಲ್ಲಿ, ಹಳೆಯ ಪೆಟ್ಟಿಗೆಯಲ್ಲಿ ಅಡಕೊತ್ತು ಇದ್ದರೆ ಹೊರಗೆ ತೆಗೆಯಿರಿ. ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹಾಗೆ ತಿಕ್ಕಿದರೆ ಹಿತ್ತಾಳೆಯ ಮೇಲಿನ ಕಾಲದ ಬಣ್ಣವೂ, ಅದರ ಜೊತೆಗೆ ಸಾಕ್ಷಿಯೂ ಹೋಗುತ್ತದೆ. ಒಣ ಬಟ್ಟೆಯಿಂದ ಒರಸಿ, ಕಬ್ಬಿಣಕ್ಕೆ ತೆಳ್ಳಗೆ ಎಣ್ಣೆ ಸವರಿದರೆ ಸಾಕು. ಅನಂತರ ಮನೆಯ ಹಿರಿಯರ ಹತ್ತಿರ ಕುಳಿತು ಕೇಳಿ: ಇದನ್ನು ಮಾಡಿದವರು ಯಾರು, ಯಾವ ಊರಿನವರು? ಮನೆಗೆ ಯಾರ ಕಾಲದಲ್ಲಿ ಬಂತು? ಹಿಡಿದು ಹೆಚ್ಚಿದವರು ಯಾರು? ಅಲಗಿಗೆ, ತೋಳಿಗೆ, ಕೀಲಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಿದ್ದರು? ಅವರು ಹೇಳಿದ ಮಾತಿನಲ್ಲಿಯೇ ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ದಾರದಿಂದ ಅಡಕೊತ್ತಿಗೆ ಕಟ್ಟಿಡಿ. ಮನೆಯಲ್ಲಿ ಇಡಲು ಸ್ಥಳವಿಲ್ಲವಾದರೆ ರಾಮನಗರದ ಬಳಿಯ ಜಾನಪದ ಲೋಕ, ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಇವೇ ಮೊದಲಾದ ಸಂಸ್ಥೆಗಳನ್ನು ವಿಚಾರಿಸಿ ನೋಡಿ. ಕೊಡುವಾಗ ಚೀಟಿಯನ್ನು ಬಿಚ್ಚಬೇಡಿ.

ಅಮೆರಿಕದ ಚೂರಿಗೆ ಅದನ್ನು ಮಾಡಿದವನೇ ಹೆಸರು ಕೊರೆದನು. ನಮ್ಮ ಕಮ್ಮಾರನು ಅದನ್ನು ನೆರೆಹೊರೆಯವರ ನೆನಪಿಗೆ ಬಿಟ್ಟು ಹೋದನು. ಆ ನೆನಪನ್ನು ಹೊತ್ತವರು ಈಗ ಎಂಬತ್ತು, ತೊಂಬತ್ತರ ವಯಸ್ಸಿನವರು. ಚೀಟಿ ಬರೆಯಲು ಬೇಕಾದುದು ಅರ್ಧ ಗಂಟೆಯ ಕೆಲಸ. ಈ ಮಳೆಗಾಲದ ಒಂದು ಸಂಜೆಯನ್ನು ಅದಕ್ಕಾಗಿ ಮೀಸಲಿಡಿ.