ಹಳೆಯ ಬೋಟ್ ಇಂಜಿನ್: ದೋಷ ಪತ್ತೆ ಮಾಡುವ ಕ್ರಮ

ಖಾರಘರ, ಬೇಲಾಪುರ, ಪನ್ವೇಲ್ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಕರಾವಳಿ ಮೂಲದವರು. ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರಗಳಲ್ಲಿ ಮೀನುಗಾರಿಕೆಯ ಬೋಟನ್ನೇ ನಂಬಿ ಬದುಕುವ ಬಂಧುಗಳು ಇವರಲ್ಲಿ ಹಲವರಿಗಿದ್ದಾರೆ. ಇಂಜಿನ್ ಕೆಟ್ಟಿತೆಂದು ಊರಿನಿಂದ ಕರೆ ಬಂದರೆ ಹಣ ಹೊಂದಿಸುವ ಹೊಣೆ ಇಲ್ಲಿನವರ ಪಾಲಿಗೂ ಬರುತ್ತದೆ. ಇಂಜಿನನ್ನು ಪೂರ್ತಿ ಬಿಚ್ಚಿ ಮಾಡುವ ರಿಪೇರಿಯು ಸಾಲದ ಕಂತುಗಳನ್ನೇ ನುಂಗಬಲ್ಲುದೆಂಬುದನ್ನು ಬ್ಯಾಂಕ್ ವೃತ್ತಿಯಲ್ಲಿರುವ ನಾವು ಬಲ್ಲೆವು. ಆದರೆ ಹಳೆಯ ಡೀಸೆಲ್ ಇಂಜಿನ್ ನಿಂತಾಗ ದೋಷವು ಅನೇಕ ವೇಳೆ ಅದರ ಕಬ್ಬಿಣದಲ್ಲಿರುವುದಿಲ್ಲ. ಅದಕ್ಕೆ ಸಲ್ಲಬೇಕಾದ ಡೀಸೆಲ್, ಗಾಳಿ, ನೀರುಗಳಲ್ಲಿರುತ್ತದೆ. ಆದ್ದರಿಂದ ಸುಲಭವಾದುದನ್ನು ಮೊದಲು, ದುಬಾರಿಯಾದುದನ್ನು ಕೊನೆಗೆ ಪರೀಕ್ಷಿಸುವುದೇ ಸರಿಯಾದ ಕ್ರಮ.

ಮೂಲತತ್ತ್ವ

1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ನಡೆಸಿ ತೋರಿಸಿದ ಯಂತ್ರದ ತತ್ತ್ವ ಇಂದಿಗೂ ಅದೇ ಆಗಿದೆ. ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹದಿನೈದರಿಂದ ಇಪ್ಪತ್ತರಲ್ಲೊಂದು ಪಾಲಿಗೆ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆಗ ನಾಜಲ್ ಸಿಂಪಡಿಸುವ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹಳೆಯ ಇಂಜಿನ್‌ಗಳಲ್ಲಿ ಕಂಪ್ಯೂಟರ್ ನಿಯಂತ್ರಣವಿಲ್ಲದ ಕಾರಣ ಕಣ್ಣು, ಕಿವಿ, ಮೂಗುಗಳಿಂದಲೇ ಬಹಳಷ್ಟನ್ನು ತಿಳಿಯಬಹುದು.

ಇಂಜಿನ್ ಹಿಡಿಯದಿದ್ದರೆ

ಸ್ಟಾರ್ಟರ್ ನಿಧಾನವಾಗಿ ತಿರುಗಿದರೆ ಬ್ಯಾಟರಿ ಹಾಗೂ ಅದರ ತಂತಿಯ ತುದಿಗಳನ್ನು ನೋಡಬೇಕು. ಉಪ್ಪುಗಾಳಿಗೆ ಕಿಲುಬು ಹಿಡಿದ ತುದಿಯೊಂದೇ ತೊಂದರೆಗೆ ಸಾಕು. ವೇಗವಾಗಿ ತಿರುಗಿಯೂ ಹಿಡಿಯದೆ, ಹೊಗೆಯೂ ಬಾರದಿದ್ದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲವೆಂದರ್ಥ. ಆಗ ಸ್ಟಾಪ್ ಲಿವರ್, ಟ್ಯಾಂಕಿನ ಕಾಕ್, ಫಿಲ್ಟರ್ ಇವುಗಳನ್ನು ಇದೇ ಕ್ರಮದಲ್ಲಿ ಪರೀಕ್ಷಿಸಬೇಕು. ಟ್ಯಾಂಕಿನ ತಳದಲ್ಲಿ ನೀರು ನಿಂತರೆ ನೀರು-ಡೀಸೆಲ್ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರನ್ನು ಕಟ್ಟುತ್ತವೆ. ಕಡಲು ಅಬ್ಬರಿಸಿದಾಗ ಈ ಕೆಸರು ಕದಡಿ ಮೇಲೇಳುವುದರಿಂದ, ಅಪಾಯ ಹೆಚ್ಚಿರುವ ಹೊತ್ತಿನಲ್ಲಿಯೇ ಇಂಜಿನ್ ನಿಲ್ಲುತ್ತದೆ.

ಫಿಲ್ಟರ್ ಬದಲಿಸಿದ ಬಳಿಕ ಕೊಳವೆಯೊಳಗಿನ ಗಾಳಿಯನ್ನು ತೆಗೆಯಲೇಬೇಕು. ಫಿಲ್ಟರಿನ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪನ್ನು ಒತ್ತಿ, ಸ್ಕ್ರೂ ಬಿಗಿಯಬೇಕು. ಅನಂತರ ಇಂಜೆಕ್ಷನ್ ಪಂಪಿನಲ್ಲಿಯೂ ಹೀಗೆಯೇ ಮಾಡಬೇಕು. ನಾಜಲ್‌ನಿಂದ ಚಿಮ್ಮುವ ಡೀಸೆಲ್‌ಗೆ ಎಂದಿಗೂ ಕೈಯೊಡ್ಡಬಾರದು. ಅದರ ಒತ್ತಡ ಚರ್ಮವನ್ನು ತೂರಿ ಒಳಹೋಗುವಷ್ಟು ತೀವ್ರವಾಗಿದ್ದು, ಹಾಗಾದಲ್ಲಿ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತಂಪುಗೊಳಿಸಿದ ಕಡಲನೀರನ್ನು ಹೊಗೆಯೊಡನೆ ಹೊರಬಿಡುವ ಬೋಟುಗಳಲ್ಲಿ ಬಹಳ ಹೊತ್ತು ಸ್ಟಾರ್ಟರ್ ತಿರುಗಿಸುವುದಾದರೆ ಕಡಲನೀರಿನ ವಾಲ್ವ್ ಮುಚ್ಚಬೇಕು. ಇಲ್ಲವಾದರೆ ಹೊಗೆಕೊಳವೆಯಲ್ಲಿ ತುಂಬಿದ ನೀರು ಸಿಲಿಂಡರಿಗೆ ನುಗ್ಗಬಹುದು. ಇಂಜಿನ್ ಹಿಡಿದೊಡನೆ ವಾಲ್ವ್ ತೆರೆಯಬೇಕು.

ಹೊಗೆಯ ಬಣ್ಣ

ಕಪ್ಪು ಹೊಗೆ: ಡೀಸೆಲ್‌ಗೆ ತಕ್ಕ ಗಾಳಿಯಿಲ್ಲ, ಇಲ್ಲವೇ ಭಾರ ಹೆಚ್ಚಿದೆ. ಏರ್ ಫಿಲ್ಟರ್, ನಾಜಲ್‌ಗಳೊಂದಿಗೆ ಬೋಟಿನ ಫ್ಯಾನನ್ನೂ ನೋಡಬೇಕು. ಬಲೆ ಸುತ್ತಿಕೊಂಡ ಫ್ಯಾನ್ ಅಥವಾ ಚಿಪ್ಪು ಕಟ್ಟಿದ ತಳ ಇಂಜಿನನ್ನು ದಣಿಸುತ್ತದೆ.

ಬಿಳಿ ಹೊಗೆ: ಡೀಸೆಲ್ ಉರಿಯದೆ ಹೋಗುತ್ತಿದೆ, ಇಲ್ಲವೇ ನೀರು ಆವಿಯಾಗುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ತಂಪುನೀರಿನ ಮಟ್ಟವೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಶಂಕೆ.

ನೀಲಿ ಹೊಗೆ: ಇಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿರಬಹುದು. ಇಲ್ಲಿ ಮೆಕ್ಯಾನಿಕ್ ಅವಶ್ಯ.

ಬಿಸಿ ಮತ್ತು ಆಯಿಲ್

ಇಂಜಿನ್ ಅತಿಯಾಗಿ ಬಿಸಿಯಾದರೆ ಮೊದಲು ಕಡಲನೀರು ಹೊರಬೀಳುತ್ತಿದೆಯೇ ಎಂದು ನೋಡಬೇಕು. ಜಾಲರಿಗೆ ಅಂಟಿದ ಪ್ಲಾಸ್ಟಿಕ್ ಚೀಲ ಅಥವಾ ನೀರಿನ ಪಂಪಿನೊಳಗಿನ ರಬ್ಬರ್ ಚಕ್ರದ ಹರಿದ ರೆಕ್ಕೆ ಸಾಮಾನ್ಯ ಕಾರಣಗಳು. ಹರಿದ ತುಂಡುಗಳನ್ನು ಹುಡುಕಿ ತೆಗೆಯದಿದ್ದರೆ ಅವು ಮುಂದಿನ ಕೊಳವೆಗಳನ್ನು ಕಟ್ಟುತ್ತವೆ. ಕಾದ ಇಂಜಿನ್‌ನ ನೀರಿನ ಮುಚ್ಚಳವನ್ನು ತೆರೆಯಬಾರದು, ಅದಕ್ಕೆ ತಣ್ಣೀರನ್ನೂ ಸುರಿಯಬಾರದು.

ಆಯಿಲ್ ಒತ್ತಡ ಕುಸಿದರೆ, ಬೋಟು ಬಂಡೆಗೆ ಬಡಿಯುವ ಭಯವಿಲ್ಲದಿದ್ದಲ್ಲಿ, ತಕ್ಷಣ ಇಂಜಿನ್ ನಿಲ್ಲಿಸಬೇಕು. ಆಯಿಲ್ ಹಾಲುಬಣ್ಣಕ್ಕೆ ತಿರುಗಿದರೆ ನೀರು ಬೆರೆತಿದೆ. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಸೋರಿದೆ. ಈ ಎರಡೂ ಸ್ಥಿತಿಯಲ್ಲಿ ಇಂಜಿನ್ ನಡೆಸುವುದು ಬೇರಿಂಗ್‌ಗಳಿಗೆ ಮಾರಕ.

ರಜೆಯ 61 ದಿನ

ಕರ್ನಾಟಕ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುತ್ತದೆ. ಟ್ಯಾಂಕ್ ತೊಳೆಯಲು, ನಾಜಲ್ ಪರೀಕ್ಷಿಸಲು, ಬೆಲ್ಟ್ ಮತ್ತು ಹೋಸ್‌ಗಳನ್ನು ಬದಲಿಸಲು ಇದೇ ಸಕಾಲ. ಕಡಲಿಗಿಳಿಯುವಾಗ ಎರಡು ಡೀಸೆಲ್ ಫಿಲ್ಟರ್, ಒಂದು ರಬ್ಬರ್ ಚಕ್ರ, ಬೆಲ್ಟ್ ಮತ್ತು ಆಯಿಲ್ ಬೋಟಿನಲ್ಲಿರಲಿ. ಇಷ್ಟಾಗಿಯೂ ಇಂಜಿನ್ ನಿಂತರೆ ಲಂಗರು ಹಾಕಿ, ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ ಇಲ್ಲವೇ ತಟರಕ್ಷಣಾ ಪಡೆಯ 1554 ಸಂಖ್ಯೆಗೆ ತಿಳಿಸಬೇಕು. ಇಂಜಿನ್‌ಗಿಂತ ತಾಂಡೇಲ ಮತ್ತು ಕಲಾಸಿಗಳ ಜೀವ ದೊಡ್ಡದು. ಊರಿಗೆ ಹಣ ಕಳುಹಿಸುವ ನಮ್ಮವರು ಮೊದಲು ಫಿಲ್ಟರಿನ ವಿಷಯ ಕೇಳಿ, ಆಮೇಲೆ ರಿಪೇರಿಯ ಅಂದಾಜುಪಟ್ಟಿಯನ್ನು ಕೇಳುವುದು ಒಳಿತು.