ಬಾಯಿ ಮೇಲೋ, ಕೆಳಗೋ? ತಾಚಿ ಮತ್ತು ಕತಾನ

ಈ ಎರಡು ಜಪಾನಿ ಕತ್ತಿಗಳನ್ನು ಒಂದೇ ರೀತಿ ಇಟ್ಟಿಲ್ಲ, ಗಮನಿಸಿ. ಮೇಲಿನದು ತಾಚಿ, ಹರಿತವಾದ ಬಾಯಿ ಕೆಳಮುಖ. ಕುದುರೆಯೇರುವ ಯೋಧರು ಅದನ್ನು ಸೊಂಟದಿಂದ ತೂಗುಬಿಡುತ್ತಿದ್ದುದು ಹಾಗೆಯೇ. ಕೆಳಗಿನದು ಕತಾನ, ನಡುಪಟ್ಟಿಗೆ ಸಿಕ್ಕಿಸುವಾಗ ಬಾಯಿ ಮೇಲಿರುತ್ತಿತ್ತು. ಎರಡನ್ನೂ ‘ಸಮುರಾಯ್ ಕತ್ತಿ’ ಎಂದುಬಿಟ್ಟರೆ ಈ ವ್ಯತ್ಯಾಸವೇ ಮಾಯ. ಕತಾನದ ಅಲಗು 2 ಶಾಕು, ಅಂದರೆ ಸುಮಾರು 60.6 ಸೆಂ.ಮೀ. ಮೀರಿರಬೇಕು, 1ರಿಂದ 2 ಶಾಕು ಇದ್ದರೆ ವಾಕಿಜಾಶಿ, ಅದಕ್ಕೂ ಚಿಕ್ಕದು ತಾಂತೊ.

ಹಿಡಿಯೊಳಗೆ ಅಡಗುವ ಬುಡಭಾಗ ನಾಕಾಗೊ. ಅದರ ಕಪ್ಪು ತುಕ್ಕು ಅಲಕ್ಷ್ಯದ ಗುರುತಲ್ಲ. ಕತ್ತಿಯ ವಯಸ್ಸು ಅಂದಾಜಿಸಲು ತಜ್ಞರು ನೋಡುವುದು ಅದನ್ನೇ. ಉಜ್ಜಿ ಹೊಳಪು ತಂದರೆ ಸಾಕ್ಷ್ಯವೇ ಅಳಿಯುತ್ತದೆ. ಕಮ್ಮಾರನ ಸಹಿಯೂ ಇಲ್ಲೇ, ಸಾಮಾನ್ಯವಾಗಿ ಧರಿಸಿದಾಗ ಹೊರಗೆ ಕಾಣುವ ಬದಿಯಲ್ಲಿ. ಹಳೆಯ ತಾಚಿಗಳನ್ನು ಮುಂದೆ ಕತಾನವಾಗಿ ಬಳಸಲು ಬುಡದಿಂದ ಮೊಟಕು ಮಾಡಿದಾಗ ಎಷ್ಟೋ ಸಹಿಗಳು ಹೋದವು. ಸಹಿಯಿಲ್ಲವೆಂದು ಕತ್ತಿಯನ್ನು ಕೀಳೆಣಿಸಬೇಡಿ: ಹೆಸರಾಂತ ಕಮ್ಮಾರ ಮಾಸಾಮುನೆಯದೆಂದು ಗುರುತಿಸಿರುವ ಉದ್ದ ಅಲಗುಗಳಲ್ಲಿ ಹೆಚ್ಚಿನವಕ್ಕೆ ಸಹಿಯೇ ಇಲ್ಲ.

ಬಾಯಿಯುದ್ದಕ್ಕೂ ಹರಿದ ಬೆಳ್ಳನೆಯ ಅಲೆ ಹಾಮೊನ್. ಕೆತ್ತಿದ ಅಲಂಕಾರವಲ್ಲ. ಜೇಡಿಮಣ್ಣನ್ನು ಬಾಯಿಗೆ ತೆಳುವಾಗಿ, ಬೆನ್ನಿಗೆ ದಪ್ಪವಾಗಿ ಬಳಿದು, ಕಾಯಿಸಿ ನೀರಿಗದ್ದಿದಾಗ ಬಾಯಿ ಮಾತ್ರ ಹೆಚ್ಚು ಗಡುಸಾಗಿ ಮೂಡುವ ಗೆರೆ. ತುಸು ಬಗ್ಗಿ, ಓರೆಯಾಗಿ ನೋಡಿದರೆ ಚೆನ್ನಾಗಿ ಕಾಣುತ್ತದೆ.

ಜಪಾನಿನಲ್ಲಿ ಅಲಗನ್ನು ಕೈಗೆತ್ತಿಕೊಳ್ಳುವ ಮೊದಲು ತಲೆಬಾಗುತ್ತಾರೆ. ಬರಿಬೆರಳಿಂದ ಮುಟ್ಟುವುದಿಲ್ಲ, ಅದರ ಮೇಲೆ ಬಾಗಿ ಮಾತಾಡುವುದೂ ಇಲ್ಲ: ಬೆವರು, ಎಂಜಲಿನ ಹನಿ ಎರಡೂ ತುಕ್ಕು ತರುತ್ತವೆ. ಇನ್ನೊಬ್ಬರಿಗೆ ಕೊಡುವಾಗ ಬಾಯಿ ಕೊಡುವವರ ಕಡೆಗಿರಬೇಕು.