ಬೆನಿ: ತುಟಿಯ ಕೆಂಪು, ಕಾಗದದ ಕೆಂಪು

ಜಪಾನಿ ಭಾಷೆಯಲ್ಲಿ ‘ಬೆನಿ’ ಎಂಬ ಒಂದೇ ಪದವು ಕುಸುಬೆಯ ಹೂವಿನಿಂದ ತೆಗೆದ ಕೆಂಪು ಬಣ್ಣವನ್ನೂ ಅದರಿಂದ ತಯಾರಾದ ತುಟಿರಂಗನ್ನೂ ಸೂಚಿಸುತ್ತದೆ. ಕುಸುಬೆಯೆಂದರೆ ಎಣ್ಣೆಯೇ ನೆನಪಾಗುವ ಉತ್ತರ ಕರ್ನಾಟಕದವರಿಗೆ ಇದು ಸೋಜಿಗವೆನಿಸಬಹುದು. ಆದರೆ ಆ ಹೂವಿನಲ್ಲಿ ಹೇರಳವಾಗಿರುವ ಹಳದಿಯನ್ನು ನೀರಿನಲ್ಲಿ ತೊಳೆದು ಕಳೆದು, ಉಳಿದ ಅತ್ಯಲ್ಪ ಕೆಂಪನ್ನು ಬೂದಿನೀರಿನ ಕ್ಷಾರದಿಂದ ಬಿಡಿಸಿ, ಮತ್ತೆ ಹುಳಿ ಬೆರೆಸಿ ಹಿಡಿಯಬೇಕಾದ್ದರಿಂದ ಬೆನಿಯು ದುಬಾರಿ ವಸ್ತುವೇ ಆಗಿತ್ತು.

ತುಟಿಯ ಈ ಕೆಂಪು ಕಾಗದಕ್ಕೆ ಬಂದ ಕಥೆ ಗಣಿಕೆಯರ ಚಿತ್ರಗಳೊಂದಿಗೆ ಹೆಣೆದುಕೊಂಡಿದೆ. ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಯೋಶಿವಾರವೆಂಬ ಪರವಾನಗಿ ಪಡೆದ ಗಣಿಕೆಯರ ಕೇರಿ 1657ರ ಮಹಾ ಅಗ್ನಿ ಅನಾಹುತದ ಬಳಿಕ ಅಸಾಕುಸದ ಸಮೀಪಕ್ಕೆ ಸ್ಥಳಾಂತರಗೊಂಡಿತು. ಅಲ್ಲಿನ ಗಣಿಕೆಯರನ್ನು ಚಿತ್ರಿಸಿದ ಮೊದಲ ಮರದಚ್ಚುಗಳು ಬರಿಯ ಕಪ್ಪು ಮಸಿಯವು. ಬಣ್ಣವನ್ನು ಅಚ್ಚಾದ ಮೇಲೆ ಒಂದೊಂದು ಪ್ರತಿಗೂ ಕುಂಚದಿಂದ ಹಚ್ಚಲಾಗುತ್ತಿತ್ತು. ಹಾಗೆ ಮೊದಲು ಬಂದದ್ದು ಬೆನಿಯಲ್ಲ, ‘ತಾನ್’ ಎಂಬ ಕಿತ್ತಳೆಗೆಂಪಿನ ಸೀಸದ ಸಿಂಧೂರ. ಅಂಥ ಚಿತ್ರಗಳಿಗೆ ‘ತಾನ್-ಎ’ ಎಂದು ಹೆಸರು (‘ಎ’ ಎಂದರೆ ಚಿತ್ರ). ಅವುಗಳಲ್ಲಿ ನಿಲುವಂಗಿಯ ದಪ್ಪ ಕಪ್ಪು ಗೆರೆಗಳನ್ನು ದಾಟಿ ಸಿಂಧೂರವು ಧಾರಾಳವಾಗಿ ಹರಿದಿರುವುದುಂಟು, ಮತ್ತು ಈ ಒರಟುತನವೇ ಅವುಗಳ ಬಲವೂ ಹೌದು.

ಸುಮಾರು 1720ರ ಹೊತ್ತಿಗೆ ಸಿಂಧೂರದ ಜಾಗಕ್ಕೆ ನವಿರಾದ ಬೆನಿ ಬಂದು ‘ಬೆನಿ-ಎ’ ಹುಟ್ಟಿತು. ಕಪ್ಪು ಮಸಿಗೆ ಸರೇಸನ್ನು ಬೆರೆಸಿ ಕೂದಲು, ನಡುಪಟ್ಟಿಗಳಿಗೆ ಮೆರುಗೆಣ್ಣೆಯ ಹೊಳಪು ತಂದರೆ ಅದು ‘ಉರುಶಿ-ಎ’. ಆದರೆ ಅದರಲ್ಲೂ ಬೆನಿ ಇರುತ್ತಿತ್ತಾದ್ದರಿಂದ ಈ ವಿಂಗಡಣೆಯನ್ನು ಅತಿಯಾಗಿ ನಂಬುವಂತಿಲ್ಲ. 1740ರ ದಶಕದಲ್ಲಿ ಕುಂಚದ ಕೆಲಸವನ್ನು ಅಚ್ಚೇ ವಹಿಸಿಕೊಂಡಿತು, ಗುಲಾಬಿಗೆಂಪು ಮತ್ತು ಹಸಿರಿನ ಆ ಮುದ್ರಣಗಳು ‘ಬೆನಿಝುರಿ-ಎ’ ಎನಿಸಿಕೊಂಡವು. ಕುಸುಬೆಯ ಕೆಂಪು ಬೆಳಕಿಗೆ ಬೇಗ ಮಾಸುವುದರಿಂದ, ಹೆಸರಿನಲ್ಲಿ ಬೆನಿಯಿರುವ ಎಷ್ಟೋ ಹಾಳೆಗಳಲ್ಲಿ ಇಂದು ಕಣ್ಣಿಗೆ ಬೀಳುವುದು ಮಂಕು ಕಂದು ಛಾಯೆ ಮಾತ್ರ. 1765ರಲ್ಲಿ ಚಿತ್ರಕಾರ ಸುಜುಕಿ ಹರುನೊಬುವಿನೊಂದಿಗೆ ಬಹುವರ್ಣ ಮುದ್ರಣ ನೆಲೆಗೊಂಡ ಮೇಲೂ ಪದ ಸಾಯಲಿಲ್ಲ: ಶತಮಾನದ ಕೊನೆಗೆ ಕೆಂಪನ್ನು ಬೇಕೆಂದೇ ಕೈಬಿಟ್ಟ ಮುದ್ರಣಗಳಿಗೆ ‘ಬೆನಿಗಿರಾಯಿ’, ಬೆನಿಯನ್ನು ಒಲ್ಲದವು, ಎಂಬ ಹೆಸರಾಯಿತು. 19ನೆಯ ಶತಮಾನದ ಆರಂಭದಲ್ಲಿ ಬೆನಿಯನ್ನು ತುಟಿಗೆ ದಪ್ಪನಾಗಿ ಬಳಿದು ಹಸಿರು ಮಿಂಚನ್ನು ತರಿಸುವ ಗೀಳು ಹಬ್ಬಿತು, ಚಿತ್ರಕಾರ ಕೇಸಾಯಿ ಏಸೆನ್ ತನ್ನ ಗಣಿಕೆಯರ ಕೆಳದುಟಿಗೆ ಹಸಿರನ್ನೇ ಅಚ್ಚು ಹಾಕಿಸಿದ.